ಒಂದು ಗೆರೆ, ಪಕ್ಕದಲ್ಲಿ ಸಹಿ

ಏನನ್ನೇ ಅಳೆಯುವ ಮೊದಲು ಅವರು ವರ್ನಿಯರಿನ ಎರಡು ದವಡೆಗಳನ್ನು ಮುಚ್ಚಿ, ಕಿಟಕಿಯ ಕಡೆ ಹಿಡಿದು, ಒಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ದವಡೆಗಳ ನಡುವೆ ಬೆಳಕು ಇಣುಕಬಾರದು, ಸೊನ್ನೆಗೆ ಸೊನ್ನೆ ಕೂಡಬೇಕು. ಕೂಡದಿದ್ದರೆ ಆ ಉಪಕರಣ ಕೊಟ್ಟ ಯಾವ ಅಳತೆಯನ್ನೂ ಅವರು ನಂಬುತ್ತಿರಲಿಲ್ಲ. "ಮೊದಲು ನಿನ್ನ ಸೊನ್ನೆ ನೋಡು, ಮತ್ತೆ ಕಬ್ಬಿಣದ ತಪ್ಪು ಹುಡುಕು" ಎನ್ನುವುದು ವರ್ಕ್‌ಶಾಪಿನ ಮಕ್ಕಳಿಗೆ ಅವರ ಮೊದಲ ಪಾಠ. ಪುತ್ತೂರಿನ ದರ್ಬೆಯಲ್ಲಿ ಮೀನು ಕೊಳ್ಳುವಾಗಲೂ ಹಾಗೇ. ಮೀನು ಮಾರುವ ಹೆಂಗಸು ಅವರನ್ನು ಕಂಡ ಕೂಡಲೇ "ಬಂದ್ರು ಇನ್ಸ್‌ಪೆಕ್ಟ್ರು" ಎಂದು ತಕ್ಕಡಿಯ ಖಾಲಿ ತಟ್ಟೆಯನ್ನು ತಾನಾಗಿ ತೋರಿಸುತ್ತಿದ್ದಳು.

ಕಳೆದ ತಿಂಗಳು ಅವರು ತೀರಿಕೊಂಡರು. ಹೃದಯಾಘಾತ. ನಿವೃತ್ತರಾಗಿ ಎರಡು ವರ್ಷವಾಗಿತ್ತು. ಅವರ ಬಗ್ಗೆ ನಾನು ಹಿಂದೆ ಒಮ್ಮೆ ವೇದಿಕೆಯ ಮೇಲೆ ನಿಂತು, ಮೈಕಿನಲ್ಲಿ, ಒಂದು ತಪ್ಪು ಮಾತು ಹೇಳಿದ್ದೇನೆ. ಅದನ್ನು ತಿದ್ದಬೇಕಾಗಿದೆ. ಹೇಗೆ ತಿದ್ದಬೇಕೆಂದು ಕಲಿಸಿದವರೂ ಅವರೇ.

ಅವರು ಪುತ್ತೂರಿನ ಒಂದು ಖಾಸಗಿ ಐಟಿಐಯಲ್ಲಿ ಫಿಟ್ಟರ್ ವಿಭಾಗದ ಬೋಧಕರು. ನಾನು ಅಲ್ಲಿಗೆ ಉದ್ಯೋಗ ಕೌಶಲ ಕಲಿಸಲು ಸೇರಿದಾಗ ಅವರಿಗೆ ಐವತ್ತಾರು ದಾಟಿತ್ತು. ನಾನು ಕಡಬದ ಕಡೆಯವಳು. ಮನೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ತುಳು. ಅವರು ಕಲ್ಲುಗುಂಡಿಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದರು. ಬರುವುದಕ್ಕೆ ಹತ್ತಿರ ಹತ್ತಿರ ಎರಡು ಗಂಟೆ, ಹೋಗುವುದಕ್ಕೂ ಅಷ್ಟೇ. ಒಂದು ದಿನವೂ ತಡವಾಗಿ ಬಂದವರಲ್ಲ. ಕಣ್ಣು ಮಾತ್ರ ಹೆಚ್ಚಿನ ದಿನ ಕೆಂಪಗಿರುತ್ತಿತ್ತು. ಕೇಳಿದರೆ "ಬಸ್ಸಿನ ಧೂಳು" ಎನ್ನುತ್ತಿದ್ದರು.

ಸೇರಿದ ವಾರದಲ್ಲೇ ಅವರಿಂದ ಬೈಸಿಕೊಂಡೆ. ಹಾಜರಿ ಪುಸ್ತಕದಲ್ಲಿ ತಪ್ಪು ಕಾಲಂನಲ್ಲಿ ಸಹಿ ಹಾಕಿ, ಯಾರೂ ನೋಡುವ ಮೊದಲು ಅದರ ಮೇಲೆ ವೈಟ್ನರ್ ಬಳಿಯುತ್ತಿದ್ದೆ. ಹಿಂದಿನಿಂದ ಬಂದು ನಿಂತವರು ನನ್ನ ಕೈಯಿಂದ ಬಾಟಲಿ ತೆಗೆದುಕೊಂಡರು.

"ಇದೆಲ್ಲ ಬೇಡ ಟೀಚರ್. ತಪ್ಪಿದ್ರೆ ಒಂದು ಗೆರೆ ಎಳೀರಿ. ಕೆಳಗೆ ಬರೆದದ್ದು ಓದ್ಲಿಕ್ಕೆ ಸಿಗ್ಬೇಕು. ಪಕ್ಕದಲ್ಲಿ ಸರಿಯಾದ್ದು ಬರೀರಿ, ಸಹಿ ಹಾಕಿ. ಮುಗೀತು."

"ವೈಟ್ನರ್ ಹಾಕಿದ್ರೆ ಚಂದ ಕಾಣ್ತದಲ್ಲ ಸರ್?"

"ವೈಟ್ನರ್ ಹಾಕಿದ್ರೆ ತಪ್ಪು ಹೋಗುದಿಲ್ಲ ಮಾರಾಯ್ತಿ. ತಪ್ಪು ಮಾಡಿದವ ಹೋಗ್ತಾನೆ."

ಅವರ ವಿದ್ಯಾರ್ಥಿಗಳ ಅಳತೆ ಪುಸ್ತಕಗಳನ್ನು ಆಮೇಲೆ ನೋಡಿದೆ. ತಪ್ಪಿದಲ್ಲೆಲ್ಲ ಒಂದೇ ಗೆರೆ, ಪಕ್ಕದಲ್ಲಿ ಪುಟ್ಟ ಸಹಿ. ಎರಡು ಗೆರೆ ಎಳೆದವನು ಇಡೀ ಪುಟ ಮತ್ತೆ ಬರೆಯಬೇಕು. ಉಪಕರಣ ತೋರಿಸಿದ ರೀಡಿಂಗನ್ನು ಬಿಟ್ಟು ತನಗೆ ಬೇಕಾದ ಅಂಕಿ ಬರೆದವನಿಗೆ ಒಂದು ವಾರ ವರ್ನಿಯರ್ ಮುಟ್ಟಲು ಸಿಗುತ್ತಿರಲಿಲ್ಲ.

ಇನ್ನೊಂದು ಕಟ್ಟಳೆ ಇತ್ತು. ಮಕ್ಕಳು ಅರದಿಂದ ಉಜ್ಜಿ ತಯಾರಿಸಿದ ಕಬ್ಬಿಣದ ತುಂಡಿಗೆ ಅಲ್ಲಿ ಜಾಬ್ ಎನ್ನುತ್ತಾರೆ. ಅದರ ಬಲಮೂಲೆಯಲ್ಲಿ ತಮ್ಮ ರೋಲ್ ನಂಬರನ್ನು ಪಂಚಿನಿಂದ ಹೊಡೆದೇ ಒಪ್ಪಿಸಬೇಕು. ನಂಬರ್ ಇಲ್ಲದ ಜಾಬ್ ಎಷ್ಟೇ ಚೆನ್ನಾಗಿರಲಿ, ಅವರು ಮಾತಾಡದೆ ಗುಜರಿ ಡಬ್ಬಕ್ಕೆ ಹಾಕುತ್ತಿದ್ದರು. ಠಣ್ ಎಂಬ ಆ ಸದ್ದು ಮೊದಲ ಮಹಡಿಯ ನನ್ನ ತರಗತಿಗೂ ಕೇಳುತ್ತಿತ್ತು. ಮೂರು ದಿನ ಕೂತು ಉಜ್ಜಿದ ಕೆಲಸ ಹಾಗೆ ಹೋಗುವಾಗ ಅತ್ತವರಿದ್ದಾರೆ. ಎರಡನೇ ಬಾರಿ ಅತ್ತವರಿಲ್ಲ. ಎರಡು ವರ್ಷದಲ್ಲಿ ಅವರ ಮಕ್ಕಳಿಗೆ ಯಾವ ಕಾಗದ ಸಿಕ್ಕಿದರೂ ಕೈ ಮೊದಲು ಬಲಮೂಲೆಗೆ ಹೋಗುವಷ್ಟು ಅಭ್ಯಾಸವಾಗಿರುತ್ತಿತ್ತು.

ಆ ಅಭ್ಯಾಸವೇ ನಮ್ಮನ್ನು ಸಿಕ್ಕಿಸಿ ಹಾಕಿತು.

ನಾವು ಹಾಗೆ ಸಿಕ್ಕಿಕೊಳ್ಳುವ ಹಿಂದಿನ ವರ್ಷ ನಮ್ಮಲ್ಲಿಂದ ಅಪ್ರೆಂಟಿಸ್ ಆಗಿ ಹೋಗಿದ್ದ ಒಬ್ಬ ಹುಡುಗ, ಓಡುತ್ತಿದ್ದ ಡ್ರಿಲ್ಲಿಂಗ್ ಮೆಷಿನ್ ಮುಂದೆ ನಿಂತು ಫೋನಿನಲ್ಲಿ ಆಟ ಆಡುತ್ತ ಸಿಕ್ಕಿಬಿದ್ದಿದ್ದ. ಅಂಗಿಯ ತೋಳು ಡ್ರಿಲ್ಲಿಗೆ ಸುತ್ತಿಕೊಂಡಿತ್ತು. ಕೈ ಉಳಿದದ್ದು ಪುಣ್ಯ. ಕಂಪನಿಯವರು ಅವನನ್ನು ವಾಪಸು ಕಳಿಸಿ, ಇನ್ನೊಂದು ಇಂಥದ್ದಾದರೆ ನಿಮ್ಮ ಸಂಸ್ಥೆಗೆ ಕಾಲಿಡುವುದಿಲ್ಲ ಎಂದಿದ್ದರು. ನಾನು ಆಗ ಅಂಚೆ ಶಿಕ್ಷಣದಲ್ಲಿ ಆಪ್ತಸಮಾಲೋಚನೆಯ ಡಿಪ್ಲೊಮಾ ಮಾಡುತ್ತಿದ್ದೆ. ಒಂದು ಪ್ರಾಜೆಕ್ಟ್ ಆಗಬೇಕಿತ್ತು. ವಿದ್ಯಾರ್ಥಿಗಳಲ್ಲಿ ವಿಡಿಯೊ ಗೇಮಿನ ಗೀಳು ಎಷ್ಟಿದೆ ಎಂದು ಅಳೆಯುವುದೇ ಸರಿ ಎಂದು ಹೊರಟೆ.

ಪಾಠದ ಟಿಪ್ಪಣಿಗಳಿಂದ ಆರಿಸಿ ಒಂಬತ್ತು ಪ್ರಶ್ನೆ ಬರೆದೆ. ನಿಲ್ಲಿಸಬೇಕೆಂದುಕೊಂಡು ನಿಲ್ಲಿಸಲಾಗದೆ ಹೋಗಿದೆಯೇ? ಆಡಿದ ಹೊತ್ತಿನ ಬಗ್ಗೆ ಮನೆಯವರಿಗೆ ಸುಳ್ಳು ಹೇಳಿದ್ದೀರಾ? ಆಡಲು ಸಿಗದಿದ್ದರೆ ಸಿಟ್ಟು, ಚಡಪಡಿಕೆ ಬರುತ್ತದೆಯೇ? ಹೀಗೆ. ಒಂದು 'ಹೌದು'ಗೆ ಒಂದು ಅಂಕ. ಆರು ದಾಟಿದರೆ ಗಂಭೀರ. ಹತ್ತನೆಯ ಪ್ರಶ್ನೆ ನನ್ನದೇ ಸೇರ್ಪಡೆ: ಈ ಬಗ್ಗೆ ಯಾರಿಗಾದರೂ ಹೇಳಿದ್ದೀರಾ? ಅದಕ್ಕೆ ಅಂಕವಿಲ್ಲ, ಸುಮ್ಮನೆ ಇರಲಿ ಎಂದು ಹಾಕಿದ್ದೆ.

ಪ್ರತಿಗಳನ್ನು ಹಿಡಿದು ಅವರ ವರ್ಕ್‌ಶಾಪಿಗೆ ಹೋದಾಗ ಕನ್ನಡಕ ಮೂಗಿಗಿಳಿಸಿ ಪೂರ್ತಿ ಓದಿದರು. ಓದಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರು.

"ಇದರ ಸೊನ್ನೆ ನೋಡಿದ್ರಾ?"

"ಪ್ರಶ್ನೆಗೆ ಎಂತ ಸೊನ್ನೆ ಸರ್?" ಎಂದು ನಕ್ಕೆ.

"ಅಳೆಯುವವರು ಮೊದಲು ತಾವು ಬರೆದು ನೋಡ್ಬೇಕು. ನೀವು ಬರೆದ್ರಾ?"

ನಾನು ಗೇಮ್ ಆಡುವವಳಲ್ಲ ಎಂದೆ. "ಒಂದು ನಂಗೆ ಕೊಡಿ" ಎಂದರು. ಕೊಟ್ಟೆ. ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡರು.

ಮರುದಿನ ಫಿಟ್ಟರ್ ತರಗತಿಯ ಇಪ್ಪತ್ತು ಮಂದಿಗೂ ಪ್ರತಿ ಹಂಚಿದೆ. "ಹೆಸರು ಬೇಡ. ಯಾರದ್ದು ಯಾವುದು ಅಂತ ಯಾರಿಗೂ ಗೊತ್ತಾಗುದಿಲ್ಲ. ನಿಜ ಬರೀರಿ" ಎಂದು ಮೂರು ಸಲ ಹೇಳಿದೆ. ಒಟ್ಟು ಮಾಡಿ ನೋಡಿದರೆ ಒಂದರಲ್ಲೂ ಹೆಸರಿಲ್ಲ. ಇಪ್ಪತ್ತರಲ್ಲೂ ಬಲಮೂಲೆಯಲ್ಲಿ ರೋಲ್ ನಂಬರ್!

ಆ ಕ್ಷಣವೇ ಮೂಲೆ ಕತ್ತರಿಸಿ ಎಸೆಯಬೇಕಿತ್ತು. ಕತ್ತರಿಸಲಿಲ್ಲ. ನಿಜ ಹೇಳುತ್ತೇನೆ, ಒಳಗೊಳಗೇ ಖುಷಿಯಾಯಿತು. ಯಾರು ಎಷ್ಟು ಎಂದು ತಿಳಿಯುವ ಚಪಲ. ನಾಲ್ವರಿಗೆ ಆರಕ್ಕಿಂತ ಹೆಚ್ಚು ಬಂದಿತ್ತು. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಪಾಠ ಹೇಳುವ ನಾನೇ ಪ್ರಿನ್ಸಿಪಾಲರ ಕೋಣೆಗೆ ಹೋಗಿ ದೊಡ್ಡದಾಗಿ ವರದಿ ಒಪ್ಪಿಸಿದೆ. ಅವರು ಕಾಗದಗಳ ಕಟ್ಟು ಕೇಳಿದರು. ಕೊಟ್ಟೆ.

ಪ್ರಿನ್ಸಿಪಾಲರು ಕೆಟ್ಟವರಲ್ಲ. ಶುಕ್ರವಾರ ಅದೇ ಕಂಪನಿಯವರು ಅಪ್ರೆಂಟಿಸ್‌ಗಳನ್ನು ಆರಿಸಲು ಬರುವವರಿದ್ದರು. ಅವರು ತಿರುಗಿ ಹೋದರೆ ಇಡೀ ಸಂಸ್ಥೆಯ ಮಕ್ಕಳಿಗೆ ಬಾಗಿಲು ಮುಚ್ಚಿದ ಹಾಗೆ. ಗುರುವಾರ ಬೆಳಿಗ್ಗೆ ಆ ನಾಲ್ವರನ್ನು ಕೋಣೆಗೆ ಕರೆಸಿ, ನಿಮ್ಮ ಹೆಸರು ಪಟ್ಟಿಯಲ್ಲಿ ಇರುವುದಿಲ್ಲ ಎಂದುಬಿಟ್ಟರು.

ಹತ್ತು ನಿಮಿಷದಲ್ಲಿ ಒಬ್ಬಳು ನನ್ನ ಮೇಜಿನ ಮುಂದೆ ಬಂದು ನಿಂತಳು. ಜಾಲ್ಸೂರಿನ ಹುಡುಗಿ, ಆ ಬ್ಯಾಚಿನ ಫಿಟ್ಟರ್ ವಿಭಾಗದಲ್ಲಿ ಒಬ್ಬಳೇ ಹೆಣ್ಣು. ಅವಳ ಜಾಬುಗಳನ್ನು ನಮ್ಮ ಸರ್ ಹೊಸ ಮಕ್ಕಳಿಗೆ ತೋರಿಸಲು ಕಪಾಟಿನಲ್ಲಿಟ್ಟಿದ್ದರು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

"ಹೆಸರು ಬೇಡ ಅಂದಿದ್ರಿ ಮೇಡಂ."

ನಾನು ಏನೋ ಗೊಣಗಿದೆ.

"ನನ್ನ ಪಕ್ಕ ಕೂತವರು ಎಷ್ಟು ಆಡ್ತಾರೆ ಅಂತ ನಂಗೆ ಗೊತ್ತುಂಟು. ಅವರು ಎಲ್ಲದಕ್ಕೂ ಇಲ್ಲ ಅಂತ ಹಾಕಿದ್ರು. ಅವರ ಹೆಸರು ಪಟ್ಟಿಯಲ್ಲಿ ಉಂಟು. ಕಂಡದ್ದನ್ನೇ ಬರೀಬೇಕು ಅಂತ ಸರ್ ಹೇಳಿಕೊಟ್ಟದ್ದು. ನಾವು ಬರೆದೆವು. ನಾವು ಹೊರಗೆ."

ಆ ಕೆಲಸ ಸಿಗದಿದ್ದರೆ ಅವಳಿಗೆ ಮದುವೆ ಎಂದು ಮನೆಯಲ್ಲಿ ಮಾತಾಗಿದ್ದು ನನಗೆ ಗೊತ್ತಿತ್ತು. ಅವಳೇ ಒಮ್ಮೆ ಹೇಳಿದ್ದಳು, ನನ್ನನ್ನು ನಂಬಿ.

ವರ್ಕ್‌ಶಾಪಿಗೆ ಓಡಿದೆ. ನಡೆದದ್ದನ್ನೆಲ್ಲ ಹೇಳಿದೆ, ನನ್ನ ಚಪಲವನ್ನೂ ಬಿಡದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಬೆಂಚಿನ ಅಂಚನ್ನು ಹಿಡಿದು ನಿಂತಿದ್ದ ಅವರ ಬೆರಳುಗಳು ಬಿಳಿಚಿದ್ದವು.

"ನಂಬರ್ ಹೊಡೆಯದಿದ್ರೆ ಗುಜರಿಗೆ ಹಾಕ್ತೇನೆ ಅಂತ ಕಲಿಸಿದ್ದು ನಾನಲ್ವಾ ಟೀಚರ್" ಎಂದರು. ಆಮೇಲೆ, "ಮೂರು ಗಂಟೆಗೆ ಸ್ಟಾಫ್ ಮೀಟಿಂಗ್ ಉಂಟಲ್ಲ? ಆ ಪೇಪರುಗಳು ಅಲ್ಲಿಗೆ ಬರ್ತಾವಾ?"

"ಬರ್ತಾವೆ."

"ಹಾಗಾದ್ರೆ ಸರಿ" ಎಂದರು.

ಮೀಟಿಂಗಿನಲ್ಲಿ ನಾವು ಹನ್ನೊಂದು ಮಂದಿ. ಪ್ರಿನ್ಸಿಪಾಲರು ಕಟ್ಟನ್ನು ಮೇಜಿನ ಮೇಲಿಟ್ಟು, ಹಿಂದಿನ ವರ್ಷದ ಹುಡುಗನ ಕತೆ ನೆನಪಿಸಿ, ಆರು ದಾಟಿದವರನ್ನು ಕಳಿಸುವುದಿಲ್ಲ ಎಂದರು. ನಾನು ಎದ್ದು, ನಾನು ಮಾತು ಕೊಟ್ಟಿದ್ದೆ ಸರ್ ಎಂದೆ. "ಮಾತು ಕೊಡುವಾಗ ನನ್ನನ್ನು ಕೇಳ್ಬೇಕಿತ್ತು" ಎಂದರು. ನಾನು ಕೂತೆ.

ಆಗ ಇವರು ಎದ್ದರು. ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು, ಬಿಚ್ಚಿ, ಮೇಜಿನ ಮೇಲೆ ಅಂಗೈಯಿಂದ ಸವರಿ ನೇರ ಮಾಡಿದರು.

"ಇದು ನಂದು. ಒಂಬತ್ತರಲ್ಲಿ ಏಳು" ಎಂದರು. "ಫೋನಲ್ಲಿ ಬಣ್ಣದ ಗುಂಡು ಒಡೆಯುವ ಆಟ. ಆರು ದಾಟಿದವರು ಮೆಷಿನ್ ಹತ್ರ ಹೋಗ್ಬಾರ್ದು ಅಂತಾದ್ರೆ ಮೊದಲು ನನ್ನನ್ನು ತೆಗೀಬೇಕು. ದಿನಾ ಇಪ್ಪತ್ತು ಮಕ್ಕಳನ್ನು ಮೆಷಿನ್ ಹತ್ರ ನಿಲ್ಲಿಸುದು ನಾನು."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ವೆಲ್ಡಿಂಗಿನ ಬೋಧಕರು ಫಕ್ಕನೆ ನಕ್ಕರು. ಅವರ ನಗು ಸೋಂಕಿ ಇಡೀ ಕೋಣೆ ನಕ್ಕಿತು. ಬೆಳಿಗ್ಗೆಯಿಂದ ಬಿಗಿದುಕೊಂಡಿದ್ದ ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು.

"ಸರ್, ತಮಾಷೆಗೆ ಇದು ಸಮಯ ಅಲ್ಲ" ಎಂದರು ಪ್ರಿನ್ಸಿಪಾಲರು. ಅವರಿಗೂ ನಗು ತಡೆಯುತ್ತಿರಲಿಲ್ಲ.

"ನಾನು ರೀಡಿಂಗಲ್ಲಿ ಯಾವಾಗ ತಮಾಷೆ ಮಾಡಿದ್ದೇನೆ?"

ಅವರೊಬ್ಬರು ಮಾತ್ರ ನಗುತ್ತಿರಲಿಲ್ಲ. ಪೆನ್ನು ತೆಗೆದು ಕಾಗದದ ಕೆಳಗೆ ಏನೋ ತಿದ್ದಿದರು. ಆಮೇಲೆ ಖಾಕಿ ಏಪ್ರನ್ನಿನ ಜೇಬಿನಿಂದ ತಗಡು ಕತ್ತರಿಸುವ ಕತ್ತರಿ ಹೊರಗೆ ಬಂತು. ಕಟ್ಟನ್ನು ಎಳೆದುಕೊಂಡು, ಪ್ರಿನ್ಸಿಪಾಲರ ಕಣ್ಣೆದುರೇ ಇಪ್ಪತ್ತು ಕಾಗದದ ಬಲಮೂಲೆಯನ್ನೂ ಒಂದೊಂದಾಗಿ ಕತ್ತರಿಸಿದರು. ಮೂಲೆಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ತಮ್ಮ ಕಾಗದದಲ್ಲಿ ಮೂಲೆಯಲ್ಲಿದ್ದ ಸಿಬ್ಬಂದಿ ನಂಬರ್ ಹಾಗೇ ಉಳಿಯಿತು. ಅದನ್ನು ನನ್ನ ಕೈಗೆ ಕೊಟ್ಟು, "ಇದಕ್ಕೆ ನಂಬರ್ ಇರ್ಲಿ ಟೀಚರ್. ತೆಗೆದಿಡಿ" ಎಂದರು.

ನಗು ಹೊರಗೆ ಬಂದ ಮೇಲೆ ಹಟ ಉಳಿಯುವುದು ಕಷ್ಟ. "ಆಯ್ತು ಮಾರಾಯ್ರೆ, ನಾಲ್ವರೂ ಹೋಗ್ಲಿ. ಜವಾಬ್ದಾರಿ ನಿಮ್ಮಿಬ್ಬರದ್ದು" ಎಂದು ಪ್ರಿನ್ಸಿಪಾಲರು ಎದ್ದರು. ಶುಕ್ರವಾರ ಕಂಪನಿಯವರು ಆರಿಸಿದ ಹನ್ನೆರಡು ಮಂದಿಯಲ್ಲಿ ಜಾಲ್ಸೂರಿನ ಹುಡುಗಿಯದ್ದು ಮೊದಲ ಹೆಸರು. ಉಳಿದ ಮೂವರೂ ಇದ್ದರು.

ಕೆಲಸಕ್ಕೆ ಸೇರಲು ಇನ್ನೂ ಮೂರು ತಿಂಗಳಿತ್ತು. ಪ್ರತಿ ಶನಿವಾರ ಮಧ್ಯಾಹ್ನ ವರ್ಕ್‌ಶಾಪಿನಲ್ಲಿ ನಾಲ್ವರನ್ನೂ ಕೂರಿಸಿ ಮಾತಾಡುವುದೆಂದು ಇಬ್ಬರೂ ನಿಶ್ಚಯಿಸಿದೆವು. ಅವರು ಐದನೆಯ ಸ್ಟೂಲು ಹಾಕಿಕೊಂಡು ಮಕ್ಕಳ ಸಾಲಿನಲ್ಲೇ ಕೂತರು. ವಾರದಲ್ಲಿ ಎಷ್ಟು ಗಂಟೆ ಆಡಿದೆವೆಂದು ಮಕ್ಕಳು ಒಬ್ಬೊಬ್ಬರಾಗಿ ಹೇಳುವರು. ಸರದಿ ಬಂದಾಗ ಅವರೂ ಹೇಳುವರು. "ನಂದು ಈ ವಾರ ಜಾಸ್ತಿ ಆಯ್ತು. ನಿಲ್ಲಿಸ್ಲಿಕ್ಕೆ ಆಗ್ಲಿಲ್ಲ." ಮಕ್ಕಳ ಸಂಕೋಚ ಕಳೆಯಲು ಎಷ್ಟು ಚೆನ್ನಾಗಿ ನಟಿಸುತ್ತಾರೆ ಎಂದು ನಾನು ಬೆರಗಾಗುತ್ತಿದ್ದೆ. ಡಿಪ್ಲೊಮಾದ ವರದಿಯಲ್ಲಿ ಅದನ್ನೊಂದು ತಂತ್ರವೆಂದು ಬರೆದೂ ಬಿಟ್ಟೆ. ಒಳ್ಳೆಯ ಅಂಕ ಬಂತು.

ಅದೇ ದಿನಗಳಲ್ಲಿ ಅವರು ಬೆಳಿಗ್ಗೆ ಬಂದ ಕೂಡಲೇ ಫೋನನ್ನು ಟೂಲ್ ಬಾಕ್ಸಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ನನ್ನ ಮೇಜಿನ ಮೇಲೆ ಇಡಲು ಶುರುಮಾಡಿದರು. "ಸಂಜೆ ಕೊಡಿ. ಮೊದಲು ಕೇಳಿದ್ರೆ ಕೊಡ್ಬೇಡಿ." ಮಕ್ಕಳಿಗೆ ಮಾದರಿ ಎಂದುಕೊಂಡೆ. ಒಂದು ದಿನ ಹನ್ನೊಂದು ಗಂಟೆಗೆ ಬಂದು ಕೀಲಿ ಕೇಳಿದರು. ಹಿರಿಯರು, ಅವರದೇ ಫೋನು. ಕೊಟ್ಟೆ. ಕೀಲಿ ಹಿಡಿದು ಹೋದವರು ಬಾಗಿಲಲ್ಲಿ ತಿರುಗಿ ನಿಂತರು.

"ಕೊಡ್ಬೇಡಿ ಅಂತ ಹೇಳಿದ್ದೆ ಅಲ್ವಾ ನಿಮಗೆ?"

ಅಷ್ಟು ಸಿಟ್ಟಿನಲ್ಲಿ ಅವರು ನನ್ನೊಡನೆ ಮಾತಾಡಿದ್ದು ಅದೊಂದೇ ಸಲ. ಮುದುಕರಾಗುತ್ತಿದ್ದಾರೆ, ಮೂಗಿನ ತುದಿಯಲ್ಲೇ ಕೋಪ ಎಂದುಕೊಂಡು ಸುಮ್ಮನಾದೆ.

ಅವರ ಬೀಳ್ಕೊಡುಗೆಯಲ್ಲಿ ಮಾತಾಡಲು ನನಗೆ ಹೇಳಿದರು. ನಾನು ಈ ಮೀಟಿಂಗಿನ ಕತೆಯನ್ನೇ ಆರಿಸಿಕೊಂಡೆ. ಉಪ್ಪು ಖಾರ ಹಚ್ಚಿ ಹೇಳಿ, ಕೊನೆಗೆ ದನಿ ಏರಿಸಿ, "ಜೀವನದಲ್ಲಿ ಒಂದು ಸುಳ್ಳು ರೀಡಿಂಗ್ ಬರೆಯದ ನಮ್ಮ ಸರ್, ನಾಲ್ಕು ಮಕ್ಕಳಿಗೋಸ್ಕರ ಒಂದೇ ಒಂದು ಸುಳ್ಳು ಬರೆದರು" ಎಂದೆ. ಚಪ್ಪಾಳೆಯೋ ಚಪ್ಪಾಳೆ. ಅವರು ಕುರ್ಚಿಯಲ್ಲಿ ತಲೆ ತಗ್ಗಿಸಿ, ಕೊರಳಿನಿಂದ ತೆಗೆದ ಹಾರದ ನೂಲನ್ನು ಬೆರಳಿಗೆ ಸುತ್ತುತ್ತಿದ್ದರು. ವಿನಯ ಎಂದುಕೊಂಡೆ. ಮುಂದಿನ ಸಾಲಿನಲ್ಲಿ ಅವರ ಹೆಂಡತಿ ಕೂತಿದ್ದರು. ಅವರು ಚಪ್ಪಾಳೆ ತಟ್ಟಲಿಲ್ಲ. ಅದನ್ನು ಅಂದು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಉತ್ತರಕ್ರಿಯೆ ಕಳೆದ ಮೇಲೆ ಕಲ್ಲುಗುಂಡಿಗೆ ಹೋದೆ. ರಸ್ತೆ ಬದಿಯ ಸಣ್ಣ ಮನೆ, ಗೋಡೆಯಲ್ಲಿ ಅವರ ಫೋಟೊ. ಹೆಂಡತಿ ಚಹಾ ತಂದಿಟ್ಟರು. ಏನು ಮಾತಾಡಬೇಕೆಂದು ತಿಳಿಯದೆ ನಾನು ಮತ್ತೆ ಅದೇ ಕತೆ ತೆಗೆದೆ. ಮಕ್ಕಳಿಗಾಗಿ ಅಷ್ಟು ಜನರೆದುರು ಸುಳ್ಳು ಹೇಳಲು ಎಷ್ಟು ದೊಡ್ಡ ಮನಸ್ಸು ಬೇಕು ಎಂದೆ.

ಅವರು ಸೆರಗಿನಿಂದ ಕೈ ಒರೆಸಿಕೊಂಡು ನನ್ನೆದುರಿಗೆ ಕೂತರು.

"ಸುಳ್ಳು ಅಂತ ನಿಮಗೆ ಯಾರು ಹೇಳಿದ್ದು ಟೀಚರ್?"

ನಾನು ಲೋಟವನ್ನು ಕೆಳಗಿಟ್ಟೆ.

"ಬಸ್ಸಲ್ಲಿ ಹೊತ್ತು ಹೋಗುದಿಲ್ಲ ಅಂತ ಶುರು ಮಾಡಿದ್ದು. ಹೋಗ್ಲಿಕ್ಕೆ ಎರಡು ಗಂಟೆ, ಬರ್ಲಿಕ್ಕೆ ಎರಡು ಗಂಟೆ. ಮತ್ತೆ ಮನೆಗೆ ಬಂತು. ಊಟದ ಬಟ್ಟಲ ಪಕ್ಕ ಬಂತು. ಬೆಳಗಿನ ಜಾವ ಎದ್ದು ನೋಡಿದ್ರೆ ಬಚ್ಚಲಲ್ಲಿ ಕೂತು ಆಡ್ತಿದ್ರು. ಎರಡು ಸಲ ಸಿಮ್ ಮುರಿದು ಹಾಕಿದ್ರು, ಅವರೇ. ಹೊಸತು ತಂದದ್ದೂ ಅವರೇ. ಅವರು ರೀಡಿಂಗ್ ಸುಳ್ಳು ಬರೆಯುವ ಜನವಾ?"

ನಾನು ಗೋಡೆಯ ಫೋಟೊ ಕಡೆ ತಿರುಗಿದೆ.

"ಅವತ್ತು ಮೀಟಿಂಗ್ ಮುಗಿಸಿ ಬಂದು ಹೇಳಿದ್ರು, ಎಲ್ಲರಿಗೂ ಹೇಳಿಬಿಟ್ಟೆ ಮಾರಾಯ್ತಿ, ಎಲ್ಲರೂ ನಗಾಡಿದ್ರು ಅಂತ. ನೀವು ಸ್ಟೇಜಲ್ಲಿ ಮಾತಾಡಿದ ದಿವಸ ಮನೆ ತಲುಪುವವರೆಗೆ ಒಂದು ಮಾತು ಆಡ್ಲಿಲ್ಲ." ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. "ಆ ನಾಲ್ಕು ಮಕ್ಕಳು ಒಳ್ಳೆಯವರು. ಕೊನೆಯವರೆಗೂ ಶನಿವಾರ ಶನಿವಾರ ಫೋನ್ ಮಾಡ್ತಿದ್ರು. ಸರ್, ಈ ವಾರ ಎಷ್ಟು ಗಂಟೆ ಅಂತ ಕೇಳ್ತಿದ್ರು. ಜಾಲ್ಸೂರಿನ ಹುಡುಗಿ ಬೈಯುದೂ ಉಂಟು. ಎರಡು ವರ್ಷದಲ್ಲಿ ತುಂಬಾ ಕಮ್ಮಿ ಆಗಿತ್ತು."

ಮಕ್ಕಳಿಗೆ ಗೊತ್ತಿತ್ತು. ಅಳೆಯಲು ಹೊರಟ ನನಗೆ ಗೊತ್ತಿರಲಿಲ್ಲ. ಸೊನ್ನೆ ನೋಡಿದ್ರಾ ಎಂದು ಅವರು ಕೇಳಿದಾಗ ನಕ್ಕವಳು ನಾನು, ಆರನ್ನು ದಾಟಿದ ಐದನೆಯವರನ್ನು ಕಂಡು ನಕ್ಕವಳೂ ನಾನೇ. ಕೆಂಪು ಕಣ್ಣು, ಕೀಲಿ, ಸ್ಟೂಲು, ಎಲ್ಲ ಎದುರಿಗೇ ಇತ್ತು. ಅವರಿಗೆ ಇನ್ನೆಷ್ಟು ಸ್ಪಷ್ಟವಾಗಿ ಹೇಳಲು ಸಾಧ್ಯವಿತ್ತು?

ಮನೆಗೆ ಬಂದು ಹಳೆಯ ಫೈಲುಗಳನ್ನು ಕೆದಕಿದೆ. ಮೂಲೆಯಿಲ್ಲದ ಇಪ್ಪತ್ತು ಕಾಗದ, ಮೂಲೆಯಿರುವ ಒಂದು. ಒಂಬತ್ತರಲ್ಲಿ ಏಳು ಹೌದು. ಅಂಕವಿಲ್ಲದ್ದೆಂದು ಹತ್ತನೆಯ ಪ್ರಶ್ನೆಯನ್ನು ನಾನು ಯಾರ ಕಾಗದದಲ್ಲೂ ಸರಿಯಾಗಿ ನೋಡಿರಲಿಲ್ಲ. ಈಗ ನೋಡಿದೆ. ಈ ಬಗ್ಗೆ ಯಾರಿಗಾದರೂ ಹೇಳಿದ್ದೀರಾ?

'ಇಲ್ಲ' ಎಂದು ಬರೆದಿದ್ದರು. ಅದರ ಮೇಲೆ ಒಂದೇ ಒಂದು ಗೆರೆ, ಕೆಳಗಿನದ್ದು ಓದಲು ಸಿಗುವ ಹಾಗೆ. ಪಕ್ಕದಲ್ಲಿ 'ಹೌದು'. ಅದರ ಪಕ್ಕ ಅವರ ಪುಟ್ಟ ಸಹಿ, ಅಂದಿನ ತಾರೀಕು, ಮೂರು ಗಂಟೆ ಇಪ್ಪತ್ತು ನಿಮಿಷ. ನಾವು ಹತ್ತು ಮಂದಿ ಆಗ ಇನ್ನೂ ನಗುತ್ತಿದ್ದೆವು.